ಕೈರೋ ಪ್ರವಾಸಕ್ಕೆ ಮುನ್ನ ಓದಬೇಕಾದ ಮಂಗಳೂರಿನ ಕಾಗದಗಳು

ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ರಸ್ತೆಯಲ್ಲಿ ಕಲ್ಸಂಕ ದಾಟಿದರೆ ಸಿಗುವುದು ಕಡಿಯಾಳಿ. ಮಹಿಷಮರ್ದಿನಿಯ ಪ್ರಾಚೀನ ದೇವಾಲಯದಿಂದ ಹೆಸರಾದ ಊರು. ಇಲ್ಲಿಯೂ ಸುತ್ತಿನ ಬಡಾವಣೆಗಳಲ್ಲಿಯೂ ಬ್ಯಾಂಕಿನಿಂದ, ಶಾಲೆ ಕಾಲೇಜುಗಳಿಂದ ನಿವೃತ್ತರಾದವರ ಮನೆಗಳು ಬಹಳ. ಹಿಂದಿನ ತಲೆಮಾರಿಗೆ ನಿವೃತ್ತಿಯ ಬಳಿಕ ಕಾಶಿಯಾತ್ರೆಯೊಂದು ಬಾಕಿ ಇರುತ್ತಿತ್ತು. ಈಗಿನವರು ಕಾಶಿ, ರಾಮೇಶ್ವರ, ಬದರಿ ಮುಗಿಸಿರುತ್ತಾರೆ. ಮಕ್ಕಳಿರುವ ದುಬೈಯನ್ನೋ ಅಮೆರಿಕವನ್ನೋ ನೋಡಿಬಂದಿರುತ್ತಾರೆ. ಮುಂದಿನದು ಯಾವುದು ಎಂದು ಯೋಚಿಸುತ್ತಿರುವಾಗ ಪ್ರವಾಸ ಸಂಸ್ಥೆಯ ಬಣ್ಣದ ಹಾಳೆಯೊಂದು ಕೈಗೆ ಬರುತ್ತದೆ. ಅದರಲ್ಲಿ ಪಿರಮಿಡ್ಡು, ಒಂಟೆ, ನೈಲ್ ನದಿಯ ಮೇಲೆ ತೇಲುವ ಹೋಟೆಲು. ಹೋಗಿಬರುವುದೂ ಸುಲಭ. ಗುಂಪಿನಲ್ಲಿ ಪ್ರವಾಸ, ಜೊತೆಗೆ ಗೈಡ್, ಬೆಳಗಿನ ಉಪಾಹಾರ ಉಚಿತ.

ಅಲ್ಲಿಗೆ ಮನೆಯಲ್ಲಿ ಸಿದ್ಧತೆ ಶುರುವಾಗುತ್ತದೆ. ಮಾತ್ರೆಗಳ ಪಟ್ಟಿ, ಬಟ್ಟೆಗಳ ಪಟ್ಟಿ, ಉಪ್ಪಿನಕಾಯಿಯ ಬಾಟಲಿ ಒಡೆಯದಂತೆ ಸುತ್ತುವ ವಿಧಾನ. ಕರಾವಳಿಯವರು ಮರೆಯುವುದು ಒಂದನ್ನೇ: ಸ್ವೆಟರು. ವರ್ಷವಿಡೀ ಬೆವರುವ ಊರಿನ ಪೆಟ್ಟಿಗೆಯಲ್ಲಿ ಅದು ಇರುವುದೇ ಅಪರೂಪ. ಮರುಭೂಮಿ ಎಂದರೆ ಸೆಕೆ ಎಂದುಕೊಂಡು ಡಿಸೆಂಬರಿನಲ್ಲಿ ಕೈರೋದಲ್ಲಿ ಇಳಿದವರು ರಾತ್ರಿಯ ಚಳಿಗೆ ಹೋಟೆಲಿನ ಕಂಬಳಿ ಹೊದ್ದು ಕುಳಿತುಕೊಳ್ಳಬೇಕಾಗುತ್ತದೆ. ಆದರೂ ಹೋಗಲು ಅಕ್ಟೋಬರಿನಿಂದ ಏಪ್ರಿಲಿನವರೆಗಿನ ಕಾಲವೇ ಒಳ್ಳೆಯದು. ರಂಜಾನ್ ತಿಂಗಳು ಆ ವರ್ಷ ಯಾವಾಗ ಬರುತ್ತದೆಂದು ನೋಡಿಕೊಳ್ಳಬೇಕು. ಅದು ಚಾಂದ್ರಮಾನದ ತಿಂಗಳಾದ್ದರಿಂದ ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಆ ತಿಂಗಳಿನಲ್ಲಿ ಸ್ಮಾರಕಗಳ ಬಾಗಿಲು ಬೇಗ ಮುಚ್ಚುತ್ತವೆ. ಸೂರ್ಯಾಸ್ತದ ಬಳಿಕ ಬೀದಿಗಳಲ್ಲಿ ಜಾತ್ರೆ ಕೂಡುತ್ತದೆ. ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಶುಕ್ರವಾರ ಮಧ್ಯಾಹ್ನದ ನಮಾಜಿನ ವೇಳೆ ಮಸೀದಿಗಳಿಗೆ ಪ್ರವಾಸಿಗಳು ಹೋಗುವಂತಿಲ್ಲ. ಉಳಿದ ಹೊತ್ತು ಹೋಗಬಹುದು. ಚಪ್ಪಲಿ ಹೊರಗೆ ಬಿಡುವುದು, ಮೈ ಮುಚ್ಚುವ ಬಟ್ಟೆ ತೊಡುವುದು, ಹೆಂಗಸರು ತಲೆಯ ಮೇಲೊಂದು ಬಟ್ಟೆ ಹಾಕಿಕೊಳ್ಳುವುದು ಇವು ದೇವಸ್ಥಾನಕ್ಕೆ ಹೋಗಿ ಅಭ್ಯಾಸವಿದ್ದವರಿಗೆ ಹೊಸ ಪಾಠಗಳೇನಲ್ಲ.

ಊಟದ ಚಿಂತೆಯೂ ಅಷ್ಟೊಂದು ಬೇಡ. ಕೈರೋದ ಬಡವರ ಊಟ ಹೆಚ್ಚುಕಡಿಮೆ ಸಸ್ಯಾಹಾರ. ಅನ್ನ, ಚನ್ನಂಗಿ ಬೇಳೆ, ಶಾವಿಗೆಯಂಥ ಮ್ಯಾಕರೋನಿ, ಮೇಲೆ ಹುರಿದ ನೀರುಳ್ಳಿ, ಟೊಮೆಟೊ ಗೊಜ್ಜು ಇವೆಲ್ಲ ಸೇರಿದ್ದು ‘ಕೋಶರಿ’. ಅದು ನಮ್ಮ ಕಿಚಡಿಯ ನೆಂಟನೆಂದು ಹೇಳುವವರಿದ್ದಾರೆ. ಅಲ್ಲಿನ ಒಂದು ಬಗೆಯ ಅವರೆಯನ್ನು ಬೇಯಿಸಿ ಮಾಡಿದ್ದು ‘ಫೂಲ್’. ಅದೇ ಕಾಳನ್ನು ನೆನೆಸಿ ರುಬ್ಬಿ ಎಣ್ಣೆಯಲ್ಲಿ ಕರಿದರೆ ‘ತಾಮಿಯ’. ಉಡುಪಿಯವರು ಬಾಯಿಗೆ ಹಾಕಿದ ಕೂಡಲೇ ಅಂಬೊಡೆ ಎಂದುಬಿಡುತ್ತಾರೆ. ಕುಡಿಯಲು ಹುಣಸೆಹಣ್ಣಿನ ಪಾನಕ ಸಿಗುತ್ತದೆ. ಅದರ ಹೆಸರು ‘ತಮರ್ ಹಿಂದಿ’, ಎಂದರೆ ಹಿಂದೂದೇಶದ ಖರ್ಜೂರ.

ಈ ಹೆಸರಿನ ಎಳೆಯನ್ನು ಹಿಡಿದು ಸ್ವಲ್ಪ ಮುಂದೆ ಹೋದರೆ ಪ್ರವಾಸ ಸಂಸ್ಥೆಯ ಹಾಳೆಯಲ್ಲಿ ಇಲ್ಲದ ಈಜಿಪ್ಟ್ ಕಾಣಿಸತೊಡಗುತ್ತದೆ. ಕೈರೋದ ಖಾನ್ ಅಲ್ ಖಲೀಲಿ ಪೇಟೆಯ ಸಂಬಾರ ಅಂಗಡಿಗಳಲ್ಲಿ ಕೇಳಿಬರುವ ಶಬ್ದಗಳನ್ನೇ ನೋಡಿ. ಕಾಳುಮೆಣಸಿಗೆ ಅರಬ್ಬಿಯಲ್ಲಿ ‘ಫುಲ್ಫುಲ್’. ಅದರ ಮೂಲ ‘ಪಿಪ್ಪಲಿ’. ಶುಂಠಿಗೆ ‘ಜಂಜಬೀಲ್’, ಅದು ‘ಶೃಂಗವೇರ’ ಸವೆದು ಆದ ರೂಪ. ಅಡಿಕೆಗೆ ‘ಫೌಫಲ್’, ಅದು ‘ಪೂಗಫಲ’. ಸಕ್ಕರೆಯ ‘ಸುಕ್ಕರ್’ ನಮ್ಮ ಶರ್ಕರಾವೇ. ತೆಂಗಿನಕಾಯಿಯನ್ನಂತೂ ಹಿಂದೂದೇಶದ ಕಾಯಿ ಎಂದೇ ಕರೆಯುತ್ತಾರೆ. ತುಳುವಿನಲ್ಲಿ ಕಾಳುಮೆಣಸಿಗೆ ‘ಎಡ್ಡೆ ಮುಂಚಿ’ ಎನ್ನುತ್ತಾರಲ್ಲ, ಆ ಒಳ್ಳೆಯ ಮೆಣಸು ಹಡಗು ಹತ್ತಿ ಪಶ್ಚಿಮಕ್ಕೆ ಹೋಗುತ್ತಿದ್ದ ಕಾಲ ಸಾವಿರಾರು ವರ್ಷಗಳದು. ಕೆಂಪು ಸಮುದ್ರದ ದಡದಲ್ಲಿ ಬೆರೆನಿಕೆ ಎಂಬ ಹಾಳೂರಿನ ಉತ್ಖನನದಲ್ಲಿ, ರೋಮನರ ಕಾಲದ ದೇವಾಲಯವೊಂದರ ನೆಲದಲ್ಲಿ ಹೂತಿದ್ದ ಭಾರತದ ಮಣ್ಣಿನ ಜಾಡಿಯೊಂದು ಸಿಕ್ಕಿತು. ಅದರೊಳಗೆ ಏಳೂವರೆ ಕಿಲೋ ಕಾಳುಮೆಣಸಿತ್ತು. ಅದು ಕರಾವಳಿಯ ಯಾವ ಬಂದರಿನದೆಂದು ಮೆಣಸಿನ ಕಾಳು ಹೇಳುವುದಿಲ್ಲ, ಅಷ್ಟೆ.

ಉಮೇದಿನಲ್ಲಿ ಎಚ್ಚರ

ಹೀಗೆ ಊರಿನ ಸಂಬಂಧ ಹುಡುಕಿಕೊಂಡು ಹೋಗುವವರು ಎಡವುವ ಕಲ್ಲುಗಳೂ ಈಜಿಪ್ಟಿನಲ್ಲಿ ಇವೆ. ಮೊದಲನೆಯದು ಕೈರೋದ ಬಹು ಸುಂದರವಾದ ಇಬ್ನ್ ತುಲೂನ್ ಮಸೀದಿ. ಕ್ರಿ. ಶ. 879ರಲ್ಲಿ ಮುಗಿದ ಕಟ್ಟಡ. ವಿಶಾಲವಾದ ಅಂಗಳ, ಹೊರಗಿನಿಂದ ಸುತ್ತುವ ಮೆಟ್ಟಿಲುಗಳ ಮಿನಾರು. ಹೆಸರು ಕೇಳಿದ ತುಳುವರ ಕಿವಿ ನೆಟ್ಟಗಾಗುವುದು ಸಹಜ. ಆದರೆ ಇದನ್ನು ಕಟ್ಟಿಸಿದ ಅಹ್ಮದನ ತಂದೆ ತುಲೂನ್ ಮಧ್ಯ ಏಷ್ಯಾದ ತುರ್ಕಿ ಗುಲಾಮ ಸೈನಿಕ. ಬುಖಾರಾದಿಂದ ಬಾಗ್ದಾದಿನ ಖಲೀಫನಿಗೆ ಕಾಣಿಕೆಯಾಗಿ ಹೋದವನು. ಆ ಹೆಸರಿಗೆ ತುರ್ಕಿಯಲ್ಲಿ ಪೂರ್ಣಚಂದ್ರ ಎಂದು ಅರ್ಥ. ತುಳುನಾಡಿಗೂ ಅವನಿಗೂ ಸಂಬಂಧವಿಲ್ಲ.

ಎರಡನೆಯದು ಹೆಚ್ಚು ಪ್ರಸಿದ್ಧವಾದದ್ದು. ಕೈರೋದಿಂದ ದಕ್ಷಿಣಕ್ಕೆ ನೂರರವತ್ತು ಕಿಲೋಮೀಟರಿನಷ್ಟು ದೂರದ ಆಕ್ಸಿರಿಂಕಸ್ ಎಂಬ ಪುರಾತನ ಪಟ್ಟಣದ ಕಸದ ದಿಬ್ಬಗಳಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಆಂಗ್ಲ ವಿದ್ವಾಂಸರು ಪಪೈರಸ್ ಹಾಳೆಗಳನ್ನು ಅಗೆದು ತೆಗೆದರು. 1903ರಲ್ಲಿ ಅವರು ಪ್ರಕಟಿಸಿದವುಗಳಲ್ಲಿ 413ನೆಯದು ಗ್ರೀಕ್ ಪ್ರಹಸನವೊಂದರ ತುಣುಕು. ಕಾಲ ಸುಮಾರು ಎರಡನೆಯ ಶತಮಾನ. ಖಾರಿಟಿಯನ್ ಎಂಬ ಗ್ರೀಕ್ ಯುವತಿ ಹಿಂದೂದೇಶದ ರಾಜನೊಬ್ಬನ ಸೆರೆಯಲ್ಲಿದ್ದಾಳೆ. ಅವಳ ಕಡೆಯವರು ರಾಜನಿಗೂ ಅವನ ಜನರಿಗೂ ನೀರು ಬೆರೆಸದ ಮದ್ಯ ಕುಡಿಸಿ ಅವಳನ್ನು ಪಾರುಮಾಡುತ್ತಾರೆ. ರಾಜ ಮತ್ತು ಅವನ ಜನ ಆಡುವ ಮಾತು ಗ್ರೀಕ್ ಅಲ್ಲ. ಅದು ಕನ್ನಡ ಎಂದು 1904ರಲ್ಲಿ ಹುಲ್ಷ್ ಹೇಳಿದರು. ‘ಅರ್ಥಶಾಸ್ತ್ರ’ವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಅದರಲ್ಲಿ ಕನ್ನಡವನ್ನು ಕಂಡರು. ಬಳಿಕ ಅದು ತುಳು ಎಂದವರು ಬಂದರು; ಕತೆ ನಡೆದದ್ದು ಮಲ್ಪೆಯ ಆಸುಪಾಸಿನಲ್ಲೇ ಎಂದೂ ಹೇಳಿದರು. ಹಾಗಿದ್ದರೆ ಕಡಿಯಾಳಿಯಿಂದ ರಿಕ್ಷಾದಲ್ಲಿ ಹೋಗಿ ನೋಡುವಷ್ಟು ಹತ್ತಿರ!

ಈ ವಾದಗಳಲ್ಲಿ ಪಾಂಡಿತ್ಯವಿದೆ, ಊರಿನ ಮೇಲಿನ ಪ್ರೀತಿಯೂ ಇದೆ. ಆದರೆ ಗ್ರೀಕ್ ಲಿಪಿಯಲ್ಲಿ ಪದಗಳ ನಡುವೆ ಬಿಡುವಿಲ್ಲದೆ ಬರೆದ ಅಕ್ಷರಗಳನ್ನು ಒಬ್ಬೊಬ್ಬರು ಒಂದೊಂದು ರೀತಿ ಒಡೆದು ಓದಿದ್ದಾರೆ. ಒಂದೇ ಸಾಲು ಒಬ್ಬರಿಗೆ ಕನ್ನಡ, ಇನ್ನೊಬ್ಬರಿಗೆ ತುಳು, ಮತ್ತೊಬ್ಬರಿಗೆ ಪ್ರೇಕ್ಷಕರನ್ನು ನಗಿಸಲು ಕಟ್ಟಿದ ಅರ್ಥವಿಲ್ಲದ ಸದ್ದು. ಇದುವರೆಗೆ ಇದು ತೀರ್ಮಾನವಾಗದ ವ್ಯಾಜ್ಯ. ಪ್ರವಾಸಕ್ಕೆ ಹೋದವರು ಬಸ್ಸಿನಲ್ಲಿ ಎದ್ದುನಿಂತು ‘ಕನ್ನಡದ ಅತ್ಯಂತ ಹಳೆಯ ಮಾತು ಈ ದೇಶದಲ್ಲಿದೆ’ ಎಂದು ಘೋಷಿಸದಿದ್ದರೆ ಲೇಸು. ಅದನ್ನು ಘೋಷಿಸುವ ಅಗತ್ಯವೂ ಇಲ್ಲ. ಯಾವ ಊಹೆಯೂ ಬೇಕಿಲ್ಲದ, ತಾರೀಕು ಸಹಿತ ಬರೆದಿಟ್ಟ ಸಂಬಂಧವೊಂದು ಕೈರೋದಲ್ಲಿಯೇ ಇದೆ. ಅದನ್ನು ತಿಳಿಯಲು ಆ ಊರಿನ ಇತಿಹಾಸ ಸ್ವಲ್ಪ ಗೊತ್ತಿರಬೇಕು.

ಮೆಣಸಿನ ದುಡ್ಡು ಕಟ್ಟಿದ ಬೀದಿ

ಈಜಿಪ್ಟನ್ನು ಅರಬ್ಬರು ಗೆದ್ದದ್ದು 641ರ ಸುಮಾರಿಗೆ. ಸೇನಾಪತಿ ಅಮ್ರ್ ಇಬ್ನ್ ಅಲ್ ಆಸ್ ನೈಲ್ ನದಿಯ ಪೂರ್ವ ದಡದಲ್ಲಿ, ರೋಮನರ ಹಳೆಯ ಕೋಟೆಯ ಪಕ್ಕ ಕಟ್ಟಿಸಿದ ಊರು ಫುಸ್ತಾತ್. ಅಲ್ಲಿನ ಅವನ ಮಸೀದಿಯೇ ಆಫ್ರಿಕಾ ಖಂಡದ ಮೊದಲ ಮಸೀದಿ ಎನ್ನುತ್ತಾರೆ. ಮೂರು ಶತಮಾನಗಳ ಬಳಿಕ, 969ರಲ್ಲಿ, ಪಶ್ಚಿಮದಿಂದ ಬಂದ ಫಾತಿಮೀ ಅರಸರು ಅದರ ಉತ್ತರಕ್ಕೆ ಇನ್ನೊಂದು ನಗರ ಕಟ್ಟಿ ಅಲ್ ಕಾಹಿರ, ಅಂದರೆ ವಿಜಯಿನಿ ಎಂದು ಹೆಸರಿಟ್ಟರು. ಅದೇ ಕೈರೋ. ಅರಮನೆ, ಅಲ್ ಅಜ್ಹರ್ ಮಸೀದಿ, ಸೈನ್ಯ ಎಲ್ಲ ಕೈರೋದಲ್ಲಿ. ವ್ಯಾಪಾರಿಗಳು, ಕುಶಲಕರ್ಮಿಗಳು, ಕ್ರೈಸ್ತರು, ಯೆಹೂದಿಗಳು ಫುಸ್ತಾತಿನಲ್ಲಿ. ಇಂದು ಎರಡೂ ಒಂದೇ ಮಹಾನಗರದ ಭಾಗ. ಪ್ರವಾಸಿಗಳು ‘ಹಳೆಯ ಕೈರೋ’ ಎಂದು ನೋಡುವುದು ಫುಸ್ತಾತಿನ ಮೂಲೆಯನ್ನು.

ಕೈರೋದ ಹೃದಯದಲ್ಲಿರುವ ಮುಯಿಜ್ಜ್ ಬೀದಿಯಲ್ಲಿ ನಡೆಯುವಾಗ ಗೈಡ್ ಸುಲ್ತಾನರ ಹೆಸರುಗಳನ್ನು ಒಂದೇ ಉಸಿರಿಗೆ ಹೇಳಿಬಿಡುತ್ತಾನೆ. ಕರಾವಳಿಯವರು ಅದರಲ್ಲಿ ಎರಡನ್ನು ನೆನಪಿಟ್ಟುಕೊಳ್ಳಬೇಕು. ಒಂದು ಬರ್ಸ್‌ಬಾಯ್. 1422ರಿಂದ 1438ರವರೆಗೆ ಆಳಿದ ಈ ಮಮ್ಲೂಕ್ ಸುಲ್ತಾನ ಕಾಳುಮೆಣಸಿನ ವ್ಯಾಪಾರವನ್ನು ಖಾಸಗಿ ವರ್ತಕರಿಂದ ಕಿತ್ತು ಸರಕಾರದ ಏಕಸ್ವಾಮ್ಯಕ್ಕೆ ತಂದ. ಹಿಂದೂದೇಶದ ಪಶ್ಚಿಮ ಕರಾವಳಿಯಿಂದ ಬಂದ ಮೆಣಸನ್ನು ವೆನಿಸ್ಸಿನವರಿಗೆ ತಾನು ಹೇಳಿದ ಬೆಲೆಗೆ ಮಾರಿದ. ಸಂಬಾರ ಪೇಟೆಯ ಮಗ್ಗುಲಲ್ಲೇ ಅವನ ಮದರಸಾ ನಿಂತಿದೆ. ಇನ್ನೊಬ್ಬ ಕಾನ್ಸೂ ಅಲ್ ಘೂರಿ. ಅವನ ಕಾಲಕ್ಕೆ ಪೋರ್ಚುಗೀಸರು ಆಫ್ರಿಕಾವನ್ನು ಸುತ್ತಿಕೊಂಡು ನೇರವಾಗಿ ನಮ್ಮ ಕರಾವಳಿಗೆ ಬಂದಾಗಿತ್ತು. ಮಲ್ಪೆಯ ಎದುರಿನ ಸೈಂಟ್ ಮೇರೀಸ್ ದ್ವೀಪದಲ್ಲಿ 1498ರಲ್ಲಿ ವಾಸ್ಕೋ ಡ ಗಾಮ ಇಳಿದಿದ್ದನೆಂಬ ಪ್ರತೀತಿ ಎಲ್ಲರಿಗೂ ಗೊತ್ತು. ಆ ಹಡಗುಗಳು ಮೆಣಸಿನ ದಾರಿಯನ್ನು ಬದಲಿಸಿದಾಗ ಪೆಟ್ಟು ಬಿದ್ದದ್ದು ಕೈರೋದ ಬೊಕ್ಕಸಕ್ಕೆ. ಘೂರಿ ನೌಕಾಪಡೆಯೊಂದನ್ನು ಕಳಿಸಿದ. ಅದು 1508ರಲ್ಲಿ ಚೌಲ್ ಬಳಿ ಗೆದ್ದು, ಮರುವರ್ಷ ದಿಯುವಿನಲ್ಲಿ ನುಚ್ಚುನೂರಾಯಿತು. 1516ರಲ್ಲಿ ತುರ್ಕರ ಎದುರು ಯುದ್ಧದಲ್ಲಿ ಘೂರಿಯೂ ಸತ್ತ. ಅವನ ಶವ ಸಿಗಲಿಲ್ಲ. ತನಗಾಗಿ ಕಟ್ಟಿಸಿಕೊಂಡ ಚಂದದ ಗೋರಿ ಅವನಿಲ್ಲದೆ ಇಂದಿಗೂ ಆ ಬೀದಿಯಲ್ಲಿದೆ.

ಈ ದಾರಿಯಲ್ಲಿ ತಿರುಗಾಡಿದವರಲ್ಲಿ ಮೊರಾಕ್ಕೊದ ಇಬ್ನ್ ಬತೂತ ಪ್ರಸಿದ್ಧ. 1326ರಲ್ಲಿ ಕೈರೋ ನೋಡಿದ ಅವನು ಹದಿನಾರು ವರ್ಷಗಳಷ್ಟು ಬಳಿಕ ನಮ್ಮ ಕರಾವಳಿಗೆ ಬಂದ. ಅಬೂ ಸರೂರ್, ಫಾಕನೂರ್, ಮಂಜರೂರ್ ಎಂದು ಅವನು ಬರೆದದ್ದು ಬಸ್ರೂರು, ಬಾರ್ಕೂರು, ಮಂಗಳೂರುಗಳನ್ನು. ಬಾರ್ಕೂರಿನ ಕಬ್ಬಿಗೆ ಸಮಾನವಿಲ್ಲ ಎಂದಿದ್ದಾನೆ. ಆ ಬಂದರನ್ನು ಹಾದುಹೋಗುವ ಹಡಗುಗಳು ನಿಂತು ಸುಂಕ ಕೊಡಲೇಬೇಕು, ಇಲ್ಲವಾದರೆ ರಾಜನ ಯುದ್ಧನೌಕೆಗಳು ಬೆನ್ನಟ್ಟುತ್ತವೆ ಎಂದೂ ಬರೆದಿದ್ದಾನೆ. ಮಂಗಳೂರಿನಲ್ಲಿ ಸುಮಾರು ನಾಲ್ಕು ಸಾವಿರ ಮುಸಲ್ಮಾನರಿದ್ದರಂತೆ. ಅವರಿಗೂ ಊರಿನವರಿಗೂ ಆಗಾಗ ಜಗಳವಾದರೆ ರಾಜನೇ ನಡುವೆ ಬಂದು ರಾಜಿ ಮಾಡಿಸುತ್ತಿದ್ದ, ಏಕೆಂದರೆ ಅವನಿಗೆ ವರ್ತಕರು ಬೇಕಿತ್ತು.

ಬಿಸಾಡದ ಕಾಗದ

ಆದರೆ ಇಬ್ನ್ ಬತೂತ ಬಂದುಹೋಗುವ ಅತಿಥಿ. ಅವನಿಗಿಂತ ಇನ್ನೂರು ವರ್ಷ ಮೊದಲು ಮಂಗಳೂರಿನಲ್ಲಿ ಮನೆಮಾಡಿಕೊಂಡು ಹದಿನೇಳು ವರ್ಷಗಳಷ್ಟು ಕಾಲ ಬಾಳಿದ ಒಬ್ಬ ವ್ಯಾಪಾರಿಯ ಕಾಗದಪತ್ರಗಳು ಉಳಿದಿವೆ. ಅವು ಉಳಿದದ್ದು ಫುಸ್ತಾತಿನಲ್ಲಿ, ಬೆನ್ ಎಜ್ರಾ ಎಂಬ ಯೆಹೂದಿ ಪ್ರಾರ್ಥನಾಮಂದಿರದಲ್ಲಿ.

ಯೆಹೂದಿಗಳಲ್ಲಿ ಒಂದು ಸಂಪ್ರದಾಯವಿದೆ. ದೇವರ ಹೆಸರಿರಬಹುದಾದ ಬರಹವನ್ನು ಬಿಸಾಡಬಾರದು, ಸುಡಬಾರದು. ಹಳತಾದದ್ದನ್ನು ಒಂದೆಡೆ ಕೂಡಿಟ್ಟು ಕೊನೆಗೆ ಹೂಳಬೇಕು. ಕೂಡಿಡುವ ಆ ಕೋಣೆಗೆ ‘ಗೆನೀಜಾ’ ಎಂದು ಹೆಸರು. ಬೆನ್ ಎಜ್ರಾದವರು ಧರ್ಮಗ್ರಂಥಗಳ ಜೊತೆಗೆ ಅಂಗಡಿಯ ಲೆಕ್ಕ, ಮದುವೆಯ ಕರಾರು, ಊರಿನಿಂದೂರಿಗೆ ಬಂದ ಪತ್ರ ಎಲ್ಲವನ್ನೂ ಅದೇ ಕೋಣೆಗೆ ತುಂಬಿದರು, ಹೂಳುವುದನ್ನು ಮಾತ್ರ ಬಿಟ್ಟುಬಿಟ್ಟರು. ಈಜಿಪ್ಟಿನ ಒಣಹವೆಯಲ್ಲಿ ಕಾಗದ ಕೆಡಲಿಲ್ಲ. (ನಮ್ಮ ಊರಿನಲ್ಲಾಗಿದ್ದರೆ ಎರಡು ಮಳೆಗಾಲಕ್ಕೆ ಗೆದ್ದಲು ಮತ್ತು ಬೂಸ್ಟು ಲೆಕ್ಕ ಚುಕ್ತಾ ಮಾಡುತ್ತಿದ್ದವು.) 1896ರಲ್ಲಿ ಇಬ್ಬರು ಸ್ಕಾಟಿಷ್ ಅವಳಿ ಸಹೋದರಿಯರು ಪ್ರವಾಸದಲ್ಲಿ ಕೊಂಡುತಂದ ಕೆಲವು ತುಣುಕುಗಳನ್ನು ನೋಡಿ ಕೇಂಬ್ರಿಜ್ಜಿನ ಸೊಲೊಮನ್ ಶೆಕ್ಟರ್ ಬೆರಗಾದರು. ಅದೇ ಚಳಿಗಾಲದಲ್ಲಿ ಕೈರೋಕ್ಕೆ ಹೋಗಿ, ಒಪ್ಪಿಗೆ ಪಡೆದು, ಮೂಟೆ ಮೂಟೆಯಾಗಿ ಸಾಗಿಸಿದರು. ಕೇಂಬ್ರಿಜ್ ಗ್ರಂಥಾಲಯದಲ್ಲಿ ಇಂದು ಇರುವ ತುಣುಕುಗಳೇ ಒಂದು ಲಕ್ಷ ತೊಂಬತ್ತು ಸಾವಿರಕ್ಕೆ ಮಿಕ್ಕಿವೆ. ಉಳಿದವು ಜಗತ್ತಿನ ಹತ್ತಾರು ಊರುಗಳಿಗೆ ಚದುರಿಹೋದವು. ಎಲ್ಲಕ್ಕೂ ಮೊದಲ ಮನೆಯಾದ ಕೈರೋದ ಕೋಣೆ ಮಾತ್ರ ಬರಿದಾಯಿತು.

ವಿದ್ವಾಂಸರು ಬಹುಕಾಲ ಧರ್ಮಗ್ರಂಥದ ಹಾಳೆಗಳನ್ನೇ ಆರಿಸಿಕೊಂಡು ಕುಳಿತರು. ವ್ಯಾಪಾರದ ಚೀಟಿಗಳಲ್ಲಿ ಏನಿದೆ ಎಂದು ಜೀವಮಾನವಿಡೀ ಓದಿದವರು ಎಸ್. ಡಿ. ಗೋಯ್ಟಿನ್. ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬಿ ಭಾಷೆಯ ಈ ಚೀಟಿಗಳಲ್ಲಿ ಹಿಂದೂದೇಶದ ವ್ಯಾಪಾರಕ್ಕೆ ಸೇರಿದವನ್ನು ಅವರು ಬೇರೆಯೇ ಕಟ್ಟಿಟ್ಟರು. 1985ರಲ್ಲಿ ಅವರು ತೀರಿಕೊಂಡ ಮೇಲೆ ಮೊರ್ದೆಖಾಯ್ ಫ್ರೀಡ್‌ಮನ್ ಆ ಕೆಲಸವನ್ನು ಮುಂದುವರಿಸಿ 2008ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅದರಲ್ಲಿ ಬಹು ಭಾಗ ಮಂಗಳೂರಿನ ಈ ವ್ಯಾಪಾರಿಯದು. ಅವನ ಹೆಸರು ಅಬ್ರಹಾಂ ಬೆನ್ ಯೀಜು.

ಹುಟ್ಟೂರು ಈಗಿನ ಟ್ಯುನೀಸಿಯಾದ ಮಹದಿಯಾ. ಅಲ್ಲಿಂದ ಏಡನ್ನಿಗೆ ಬಂದು ಮದ್‌ಮೂನ್ ಎಂಬ ದೊಡ್ಡ ಸಾಹುಕಾರನ ಆಶ್ರಯದಲ್ಲಿ ವ್ಯಾಪಾರ ಕಲಿತು, 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ. ಆಳುಪ ಅರಸರ ಕಾಲ. ಕವಿ ಆಳುಪೇಂದ್ರನ ಆಳ್ವಿಕೆ. ಉಡುಪಿಯಲ್ಲಿ ಮಧ್ವಾಚಾರ್ಯರು ಹುಟ್ಟಲು ಇನ್ನೂ ನೂರು ವರ್ಷವಿದೆ. ಬೆನ್ ಯೀಜು ಇಲ್ಲಿಂದ ಕಾಳುಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಕಂಚಿನ ಪಾತ್ರೆಗಳನ್ನು ಮಾಡಿಸುವ ಕಾರ್ಖಾನೆಯನ್ನೂ ಇಟ್ಟಿದ್ದ. ಏಡನ್ನಿನ ಗಿರಾಕಿಗಳು ಒಡೆದ ಹಳೆಯ ಪಾತ್ರೆಗಳನ್ನು ಹಡಗಿನಲ್ಲಿ ಕಳಿಸಿ, ಕರಗಿಸಿ ಹೊಸದು ಮಾಡಿಕೊಡಲು ಹೇಳುತ್ತಿದ್ದರು. ದೀಪದ ಕಂಬ ಎಂಟು ಮೂಲೆಯದಾಗಿರಲಿ, ದಪ್ಪವಾಗಿರಲಿ ಎಂದು ಒಂದು ಪತ್ರದಲ್ಲಿ ಸೂಚನೆಯಿದೆ. ಮಂಗಳೂರಿನ ಎರಕದವರ ಕೈಗೆ ಸಮುದ್ರದಾಚೆ ಅಷ್ಟು ಬೆಲೆಯಿತ್ತು. ಅತ್ತ ಕಡೆಯಿಂದ ಬರುತ್ತಿದ್ದದ್ದು ಸಕ್ಕರೆ, ಬಾದಾಮಿ, ಒಣದ್ರಾಕ್ಷಿ, ಸಾಬೂನು, ಚಾಪೆ, ಗಾಜಿನ ಪಾತ್ರೆ. ಮುಖ್ಯವಾಗಿ ಕಾಗದ. ಇಲ್ಲಿ ಬರೆಯುವುದು ತಾಳೆಗರಿಯಲ್ಲಿ; ಬೆನ್ ಯೀಜುವಿಗೆ ಕಾಗದವಿಲ್ಲದೆ ಆಗದು. ಬಂದ ಪತ್ರಗಳ ಅಂಚನ್ನೂ ಬೆನ್ನನ್ನೂ ಬಿಡದೆ ಲೆಕ್ಕ, ಪದ್ಯ, ಔಷಧಿಯ ವಿವರ ಬರೆದುಕೊಂಡಿದ್ದಾನೆ. ಆ ಜಿಪುಣತನದಿಂದ ನಮಗೆ ಲಾಭವಾಯಿತು.

ಪತ್ರಗಳಲ್ಲಿ ನಮ್ಮವರ ಹೆಸರುಗಳು ಇಣುಕುತ್ತವೆ. ‘ಫತನ್ ಸ್ವಾಮಿ’ ಎಂಬವನ ಹಡಗುಗಳು ಬರುತ್ತವೆ. ಅದು ‘ಪಟ್ಟಣಸ್ವಾಮಿ’ ಇರಬೇಕು. ಕನ್ನಡ ಶಾಸನಗಳಲ್ಲಿ ವರ್ತಕರ ಮುಖ್ಯಸ್ಥನಿಗೆ ಇದೇ ಹೆಸರು. ‘ಸೂಸ್ ಸೀತಿ’ ಎಂಬವನಿಗೆ ಮದ್‌ಮೂನ್ ವಂದನೆ ತಿಳಿಸಿ, ಮಂಗಳೂರಿನಿಂದ ಏಡನ್ನಿಗೆ ಹಡಗು ಕಳಿಸುವಂತೆ ಹೇಳು ಎನ್ನುತ್ತಾನೆ. ಆ ‘ಸೀತಿ’ಯಲ್ಲಿ ಸೆಟ್ಟಿಯೋ ಶೆಟ್ಟಿಯೋ ಅಡಗಿರುವಂತಿದೆ.

ಅಶು ಮತ್ತು ಬೊಮ್ಮ

1132ನೆಯ ಇಸವಿ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬೆನ್ ಯೀಜು ತನ್ನ ಕೈಯಾರೆ ಒಂದು ದಸ್ತಾವೇಜು ಬರೆದ. ತಾನು ಕೊಂಡಿದ್ದ ‘ಅಶು’ ಎಂಬ ದಾಸಿಗೆ ಬಿಡುಗಡೆ ಕೊಡುವ ಪತ್ರ ಅದು. ಅವಳಿಗೆ ಬೆರಾಖಾ ಎಂಬ ಹೀಬ್ರೂ ಹೆಸರಿಟ್ಟ. ಆಶೀರ್ವಾದ ಎಂದು ಅರ್ಥ. ಅವಳನ್ನು ಮದುವೆಯಾದನೆಂದೇ ವಿದ್ವಾಂಸರ ಅಭಿಪ್ರಾಯ. ಮಕ್ಕಳಾದರು. ಅವನ ಲೆಕ್ಕದ ಚೀಟಿಯಲ್ಲಿ ‘ನಾಯರ್’ ಎಂಬ ಭಾವಮೈದುನನ ಉಲ್ಲೇಖ ಬರುವುದರಿಂದ ಅವಳು ನಾಯರ್ ಕುಟುಂಬದವಳಿರಬಹುದೆಂಬ ಊಹೆಯಿದೆ. ಅವಳ ಬಗ್ಗೆ ತಿಳಿದದ್ದು ಅಷ್ಟೇ. ಅಶು ಹೇಳಿ ಬರೆಯಿಸಿದ ಒಂದು ಸಾಲೂ ಸಿಕ್ಕಿಲ್ಲ.

ಇನ್ನೊಬ್ಬ ಬೆನ್ ಯೀಜುವಿನ ಆಳು. ಆ ಕಾಲದ ವ್ಯಾಪಾರಿಗಳಲ್ಲಿ ಗುಲಾಮನೆಂದರೆ ಎಷ್ಟೋ ವೇಳೆ ನಂಬಿಕೆಯ ಗುಮಾಸ್ತನೂ ಹೌದು. ಇವನು ಸರಕಿನೊಂದಿಗೆ ಏಡನ್ನಿಗೆ ಹೋಗಿ, ವ್ಯಾಪಾರ ಮುಗಿಸಿ, ಕೊಂಡ ಸಾಮಾನಿನೊಡನೆ ಬರುತ್ತಿದ್ದ. ಒಮ್ಮೆ ಅಲ್ಲಿ ಕುಡಿದು, ಹೆಚ್ಚು ಹಣ ಬೇಕೆಂದು ಮದ್‌ಮೂನನನ್ನು ಪೀಡಿಸಿದ ಸುದ್ದಿಯೂ ಪತ್ರದಲ್ಲಿ ಬಂದಿದೆ. 1148ರಲ್ಲಿ ಏಡನ್ನಿನ ಖಲಫ್ ಎಂಬ ವರ್ತಕ ಬೆನ್ ಯೀಜುವಿಗೆ ಬರೆದ ಪತ್ರದಲ್ಲಿ ಆಳಿಗೂ ಪ್ರತ್ಯೇಕವಾಗಿ ಸಲಾಮು ಹೇಳಿದ್ದಾನೆ. ಹೀಬ್ರೂ ಲಿಪಿಯಲ್ಲಿ ಸ್ವರಗಳನ್ನು ಪೂರ್ತಿಯಾಗಿ ಬರೆಯುವ ವಾಡಿಕೆಯಿಲ್ಲ. ಅವನ ಹೆಸರನ್ನು ಗೋಯ್ಟಿನ್ ‘ಬಾಮ’ ಎಂದು ಓದಿದರು. ಕಾದಂಬರಿಕಾರ ಅಮಿತಾವ್ ಘೋಷ್ ಈ ಆಳಿನ ಜಾಡು ಹಿಡಿದು ಈಜಿಪ್ಟಿನಿಂದ ಮಂಗಳೂರಿಗೆ ಬಂದಾಗ ಅವರಿಗೆ ದಾರಿ ತೋರಿಸಿದವರು ಪ್ರೊ. ಬಿ. ಎ. ವಿವೇಕ ರೈ. ತುಳುನಾಡಿನ ಶಾಸನಗಳಲ್ಲಿ, ಜನಪದದಲ್ಲಿ ಬರುವ ಹೆಸರುಗಳ ಬೆಳಕಿನಲ್ಲಿ ಅದು ‘ಬೊಮ್ಮ’ ಎಂದಾಯಿತು. ಘೋಷರ ‘ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್’ ಎಂಬ ಪುಸ್ತಕ 1992ರಲ್ಲಿ ಹೊರಬಂತು. ಈಜಿಪ್ಟಿಗೆ ಹೋಗುವವರು ಒಂದೇ ಒಂದು ಪುಸ್ತಕ ಓದುವುದಿದ್ದರೆ ಅದು ಇದಾಗಲಿ.

ತುಳುನಾಡಿನ ಚರಿತ್ರೆಗೆ ಆಧಾರವಾಗಿ ಅರಸರ ಶಾಸನಗಳಿವೆ, ಗುಡಿ ಬಸದಿಗಳಿಗೆ ಕೊಟ್ಟ ದಾನದ ಲೆಕ್ಕವಿದೆ. ಹನ್ನೆರಡನೆಯ ಶತಮಾನದ ಮಂಗಳೂರಿನಲ್ಲಿ ಒಬ್ಬ ಕೆಲಸದಾಳು ಕುಡಿದದ್ದು, ಒಬ್ಬ ದಾಸಿಗೆ ಬಿಡುಗಡೆ ಸಿಕ್ಕಿದ್ದು ನಮ್ಮ ಕಲ್ಲಿನಲ್ಲಿ ಕೆತ್ತುವ ವಿಷಯಗಳಾಗಿರಲಿಲ್ಲ. ಸಾವಿರಾರು ಮೈಲಿ ದೂರದಲ್ಲಿ ಯಾರೋ ಕಾಗದ ಬಿಸಾಡದೆ ಇದ್ದುದರಿಂದ ಆ ಇಬ್ಬರ ಹೆಸರು ಉಳಿಯಿತು. ಅದೂ ಕೊಂಡವನ ಕೈಬರಹದಲ್ಲಿ.

ಬೆನ್ ಯೀಜು 1149ರಲ್ಲಿ ಮಂಗಳೂರು ಬಿಟ್ಟ. ಸಿಸಿಲಿಯ ಅರಸನ ದಾಳಿಯಲ್ಲಿ ಹುಟ್ಟೂರು ಹಾಳಾದ ಸುದ್ದಿ ತಿಳಿದು, ಏಡನ್ನಿನಿಂದ ಒಡಹುಟ್ಟಿದವರಿಗೆ ಪತ್ರ ಬರೆದ: ತಾನು ಮಕ್ಕಳೊಡನೆ, ಆಸ್ತಿಯೊಡನೆ ಸುಖವಾಗಿ ಬಂದು ಮುಟ್ಟಿದ್ದೇನೆ. ಮಕ್ಕಳ ತಾಯಿಯ ಮಾತು ಅದರಲ್ಲಿ ಇಲ್ಲ. ಅಶು ಆಗ ಬದುಕಿದ್ದಳೋ, ಹಡಗು ಹೊರಟಾಗ ದಕ್ಕೆಯಲ್ಲಿ ನಿಂತಿದ್ದಳೋ ಯಾರಿಗೂ ತಿಳಿಯದು. ಯೆಮೆನ್ನಿನಲ್ಲಿ 3 ವರ್ಷ ಕಳೆಯುವಷ್ಟರಲ್ಲಿ ಮಗನೊಬ್ಬ ತೀರಿಕೊಂಡ. ಉಳಿದ ಮಗಳು ಸಿತ್ ಅಲ್ ದಾರ್‌ಳನ್ನು ತನ್ನ ಮಗನಿಗೆ ಕೊಡು ಎಂದು ಖಲಫ್ ಕೇಳಿದಾಗ, ಅನ್ಯರಿಗಿಂತ ಅಣ್ಣತಮ್ಮಂದಿರ ಮಕ್ಕಳ ಹಕ್ಕು ದೊಡ್ಡದೆಂದು ಹೇಳಿ ನಿರಾಕರಿಸಿ ಅವಳನ್ನು ಈಜಿಪ್ಟಿಗೆ ಕರೆದೊಯ್ದ. ಆ ಕಾಲದ ದಾರಿ ಹೀಗೆ: ಏಡನ್ನಿನಿಂದ ಕೆಂಪು ಸಮುದ್ರದ ಐದಾಬ್ ಬಂದರು, ಅಲ್ಲಿಂದ ಒಂಟೆಯ ಮೇಲೆ ಮರುಭೂಮಿ ದಾಟಿ ನೈಲ್ ದಡದ ಕೂಸ್, ಬಳಿಕ ದೋಣಿಯಲ್ಲಿ ಹೊಳೆಯ ಹರಿವಿನೊಂದಿಗೆ ಫುಸ್ತಾತ್.

ಹಳೆಯ ಕೈರೋದಲ್ಲಿ ಪ್ರವಾಸಿಗಳ ಬಸ್ಸು ಈಗ ಎರಡು ಕಡೆ ನಿಲ್ಲುತ್ತದೆ. ಫುಸ್ತಾತಿನ ಹೊಸ ಮ್ಯೂಸಿಯಮ್ಮಿನಲ್ಲಿ 2021ರ ಏಪ್ರಿಲಿನಲ್ಲಿ ಮೆರವಣಿಗೆಯಲ್ಲಿ ತಂದಿಟ್ಟ 22 ರಾಜಮಮ್ಮಿಗಳಿವೆ. ಅಲ್ಲಿ ಎಲ್ಲರೂ ಬಹಳ ಹೊತ್ತು ನಿಲ್ಲುತ್ತಾರೆ. ಪಿರಮಿಡ್ಡುಗಳ ಪಕ್ಕದಲ್ಲಿ 2025ರ ನವೆಂಬರಿನಲ್ಲಿ ಉದ್ಘಾಟನೆಯಾದ ಬೃಹತ್ ಮ್ಯೂಸಿಯಮ್ಮಿಗಂತೂ ಒಂದು ದಿನವೇ ಬೇಕು. ಇನ್ನೊಂದು ನಿಲುಗಡೆ ರೋಮನ್ ಕೋಟೆಯ ಒಳಗಿನ ಇಕ್ಕಟ್ಟಾದ ಓಣಿ. ತೂಗು ಚರ್ಚು ಎಂಬ ಹೆಸರಿನ ಹಳೆಯ ಇಗರ್ಜಿಯನ್ನು ನೋಡಿ, ಅದೇ ಓಣಿಗಳಲ್ಲಿ ನಡೆದರೆ ಬೆನ್ ಎಜ್ರಾ ಮಂದಿರ. ಇಂದಿನ ಕಟ್ಟಡ 1890ರ ದಶಕದಲ್ಲಿ ಮತ್ತೆ ಕಟ್ಟಿದ್ದು. ದುರಸ್ತಿಯ ಬಳಿಕ 2023ರಲ್ಲಿ ಜನರಿಗೆ ತೆರೆದರು. ಗೈಡ್ ಮೋಶೆಯ ಕತೆ ಹೇಳುತ್ತಾನೆ, ಕಂಬಗಳ ಅಮೃತಶಿಲೆಯನ್ನು ತೋರಿಸುತ್ತಾನೆ, ಗಡಿಯಾರ ನೋಡಿಕೊಳ್ಳುತ್ತಾನೆ. ಒಂದು ಕಾಗದವೂ ಅಲ್ಲಿಲ್ಲ. ಅವುಗಳ ಚಿತ್ರಗಳನ್ನು ಕಡಿಯಾಳಿಯ ಮನೆಯಲ್ಲೇ ಕುಳಿತು, ಹೊರಡುವ ಮುನ್ನ, ಕಂಪ್ಯೂಟರಿನ ಪರದೆಯ ಮೇಲೆ ನೋಡಿಕೊಂಡು ಹೋಗಬಹುದು.

1156ರಲ್ಲಿ ಫುಸ್ತಾತಿನಲ್ಲಿ ಸಿತ್ ಅಲ್ ದಾರ್‌ಳಿಗೂ ದೊಡ್ಡಪ್ಪನೋ ಚಿಕ್ಕಪ್ಪನೋ ಆದ ಯೋಸೆಫನ ಮಗ ಪೆರಾಹ್ಯನಿಗೂ ಮದುವೆಯಾಯಿತು. ಮಂಗಳೂರಿನ ಅಶುವಿನ ಮಗಳಿಗೆ ಮದುವೆಯಲ್ಲಿ ಕೊಟ್ಟ ಒಡವೆ, ಬಟ್ಟೆ, ಪಾತ್ರೆಗಳ ಪಟ್ಟಿಯೂ ಆ ಕೋಣೆಯ ಕಾಗದಗಳಲ್ಲಿ ಸಿಕ್ಕಿದೆ.